ಎರಡು ಮಣೆಯ ಬೇಸ್

ವಾದಿರಾಜನ ಎಡಗೈ ಕಿರುಬೆರಳಿಗೆ ತುದಿಯ ಗೆಣ್ಣು ಇಲ್ಲ. ಗೋಡೆಯಾಚೆ ಬಚ್ಚಲಲ್ಲಿ ಅವನು ಚೆಂಬು ಮುಳುಗಿಸುವ ಸದ್ದು, ಈಚೆ ಹಿತ್ತಲಲ್ಲಿ ಒಲೆಯ ಬಾಯಿಗೆ ಮುಖ ಕೊಟ್ಟು ನಾನು, ಹೊಗೆ ಕಣ್ಣಿಗೆ ಹೊಡೆಯುತ್ತಿದೆ, ತಲೆಗೆ ಹಚ್ಚಿದ ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಕುತ್ತಿಗೆಗೆ ಬರುತ್ತಿದೆ — ಪಿಯುಸಿಯಿಂದ ಪ್ರತಿ ನರಕ ಚತುರ್ದಶಿಗೂ ಹೀಗೇ, ಶ್ರೀರಾಂಪುರದಿಂದ ವೈಯಾಲಿಕಾವಲ್‌ಗೆ ನಡೆದು ಬಂದು ಇವರ ಮನೆಯ ಹಂಡೆ ನೀರಲ್ಲಿ ಮೀಯುವುದು, ಮೊದಲು ಅವನು, ಆಮೇಲೆ ನಾನು, ಒಬ್ಬ ಮೀಯುವಾಗ ಇನ್ನೊಬ್ಬ ಉರಿ ನೋಡಿಕೊಳ್ಳಬೇಕು. ಗುರೂ, ಉರಿ ಹಾಕೋ, ನೀರು ಉಗುರುಬೆಚ್ಚಗಿದೆ ಅಷ್ಟೇ. ಹಾಕ್ತೀನಿ ಇರೋ, ನಿಮ್ಮನೆ ಆಳಾ ನಾನು. ನಗುತ್ತಾನೆ, ನಗು ಬಚ್ಚಲಲ್ಲಿ ಗುಂಯ್ ಎನ್ನುತ್ತದೆ. ಬೂದಿ ಕಟ್ಟಿಕೊಂಡರೆ ಉರಿ ಏಳುವುದಿಲ್ಲ, ಸಲಾಕೆ ಹಾಕಿ ಹಳೇ ಬೂದಿ ಈಚೆಗೆ ಎಳೆದೆ, ಬೂದಿಯಲ್ಲೊಂದು ಲೋಹದ ಚೂರು, ಕಿರುಬೆರಳಿನಷ್ಟುದ್ದ, ಕಪ್ಪಾಗಿದೆ, ಬೆನ್ನು ದುಂಡಗೆ ಉಬ್ಬಿದೆ — ಸುರುಸುರುಬತ್ತಿಯ ಕಡ್ಡಿ ಇರಬೇಕು, ಹಬ್ಬವಲ್ಲವೇ.

ಜೇಬಿನಲ್ಲಿ ಇನ್ನೊಂದು ಚೂರಿದೆ, ಎಮ್ಮೆ ಕೊಂಬಿನ ಬಾಚಣಿಗೆ ಕುಯ್ದು ಉಜ್ಜಿ ಮಾಡಿದ್ದು, ನಾಲ್ಕು ತಂತಿ ಕೂರಲು ನಾಲ್ಕು ಗೀರು, ನಮ್ಮ ಬೇಸ್ ಗಿಟಾರಿನ ಕತ್ತಿನ ತುದಿಗೆ ಇದನ್ನು ಅಂಟಿಸಬೇಕು, ಮೊದಲು ಹಾಕಿದ್ದ ಪ್ಲಾಸ್ಟಿಕ್ಕನ್ನು ದಪ್ಪ ತಂತಿ ಸವೆಸಿಬಿಟ್ಟಿದೆ. ಹದಿನೈದು ದಿನದಿಂದ ವಾದಿರಾಜನನ್ನು ಕೇಳುತ್ತಿದ್ದೇನೆ, ಬೇಸ್ ಕೊಡೋ, ಒಂದು ಗಂಟೆ ಕೆಲಸ. ಮಾಯಣ್ಣನ ಹತ್ರ ಇದೆ ಮಗಾ, ಮುಂದಿನ ವಾರ ಇಸ್ಕೊಡ್ತೀನಿ. ಮಾಯಣ್ಣ, ವಾದಿರಾಜ ಬೇಸ್ ನುಡಿಸುವ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು, ಡ್ರಮ್ಸ್‌ನವನಿಗೆ ಬೇಸ್ ಯಾಕೆ, ಆಗ ಹೊಳೆಯಲಿಲ್ಲ, ಹೊಳೆಯಬೇಕಿತ್ತು.

ಅಂಗಡಿಯ ಬೇಸಿನಲ್ಲಿ ತಂತಿಯ ಉದ್ದ ಮೂವತ್ತನಾಲ್ಕು ಇಂಚು, ಕತ್ತಿಗೆ ಅಡ್ಡಡ್ಡ ಹೊಡೆದ ಲೋಹದ ಪಟ್ಟಿಗಳೇ ಫ್ರೆಟ್, ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಬೆರಳು ಚಾಚಬೇಕು, ವಾದಿರಾಜನ ಗೆಣ್ಣನ್ನು ಚಾಮರಾಜಪೇಟೆಯ ಪ್ರೆಸ್ಸೊಂದರ ಕಟಿಂಗ್ ಮಷೀನು ತಿಂದಿತ್ತು, ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಹೋಗಿದ್ದ, ಎಟುಕುತ್ತಿರಲಿಲ್ಲ. ಬೆರಳು ಬೆಳೆಯಲ್ಲ, ಬೇಸನ್ನೇ ಗಿಡ್ಡ ಮಾಡೋಣ ಅಂದವನು ನಾನು. ಅವನ ಕೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದೆ, ತುಂಡು ಬೆರಳಿನ ಹತ್ತಿರ ಬಂದಾಗ ಮುಷ್ಟಿ ಮಡಚಿಕೊಂಡ, ಬಿಡ್ಸೋ ಅಂದೆ, ಬಿಡಿಸಿದ, ಬೇರೆ ಕಡೆ ನೋಡುತ್ತಿದ್ದ. ಇಪ್ಪತ್ತೊಂಬತ್ತು ಇಂಚು ಸಾಕು ಎಂದು ಲೆಕ್ಕ ಬಂತು. ತಂತಿ ಅಷ್ಟು ಗಿಡ್ಡವಾದರೆ ಒಡಲೂ ಚಿಕ್ಕದೇ ಸಾಕು, ಊಟದ ಮಣೆ ಎರಡು ಅಂಟಿಸಿದರೆ ಆಯಿತು, ನಮ್ಮನೆಯಲ್ಲಿ ಹಲಸಿನವು ಎರಡು ಗೋಡೆಗೆ ಒರಗಿದ್ದವು, ಒಂದು ಅಪ್ಪ ಕೂರುತ್ತಿದ್ದದ್ದು, ಅಪ್ಪ ಹೋದ ಮೇಲೆ ಅದರ ಮೇಲೆ ಯಾರೂ ಕೂತಿರಲಿಲ್ಲ. ಕುಂತು ಉಣ್ಣೋದನ್ನ ಕುಯ್ತೀಯೇನೋ, ಯಾರಿಗೆ? ವಾದಿಗೆ ಕಣಮ್ಮ. ವಾದಿಗಾ, ಹಂಗಾದ್ರೆ ತಗಾ. ಅಮ್ಮ ಸೆರಗಿನಲ್ಲಿ ಒರೆಸಿ ಕೊಟ್ಟಳು, ಅಪ್ಪನ ಮಣೆಯ ಹಿತ್ತಾಳೆ ಹೂವು ಕೀಳಬೇಡ ಅಂದಳು, ಕೀಳಲಿಲ್ಲ, ಬೇಸಿನ ಬೆನ್ನಿಗೆ ಬರುವಂತೆ ತಿರುಗಿಸಿ ಅಂಟಿಸಿದೆ.

ತೊಂಬತ್ತೆಂಟರ ಮಳೆಗಾಲವೆಲ್ಲ ಅದೇ ಕೆಲಸ, ಮುರಿದ ತೇಗದ ಮಂಚದ ಪಟ್ಟಿಯಿಂದ ಕತ್ತು, ಗುಜರಿ ಗಿಟಾರಿನಿಂದ ಫ್ರೆಟ್, ಇಪ್ಪತ್ತು. ಉಳಿದ ಉದ್ದವನ್ನು ಪ್ರತಿ ಸಲ ಹದಿನೆಂಟರಿಂದ ಭಾಗಿಸಿ ಗೀರು ಹಾಕು ಎಂದು ಲೈಬ್ರರಿಯ ಹಳೇ ಪುಸ್ತಕ ಹೇಳಿತ್ತು, ಹಾಕಿದೆ, ಮೇಲಕ್ಕೆ ಹೋದಷ್ಟೂ ಸ್ವರ ಇಳಿಯಿತು, ವಾದಿರಾಜನೇ ಹಿಡಿದದ್ದು, ಹನ್ನೆರಡನೇದು ಅಳ್ತಾ ಇದೆ ಗುರೂ, ಅವನ ಕಿವಿ ಅಂಥದ್ದು. ಇಪ್ಪತ್ತನ್ನೂ ಕಿತ್ತೆ, ಗೀರುಗಳಿಗೆ ತೇಗದ ಸೀಳು ತುಂಬಿದೆ, ಹದಿನೇಳು ಪಾಯಿಂಟ್ ಎಂಟರಿಂದ ಭಾಗಿಸಿ ಮತ್ತೆ ಹೊಡೆದೆ, ಒಂದೊಂದರ ಬೆನ್ನನ್ನೂ ಅರದಲ್ಲಿ ಉಜ್ಜಿ ದುಂಡಗೆ —

ದುಂಡಗೆ. ಕಡ್ಡಿಯಲ್ಲ ಇದು. ಸುರುಸುರುಬತ್ತಿಯ ಕಡ್ಡಿಗೆ ಹೊಟ್ಟೆಯಲ್ಲಿ ಹಲ್ಲು ಇರುವುದಿಲ್ಲ, ಮರ ಕಚ್ಚಿಕೊಳ್ಳುವ ಸಣ್ಣ ಹಲ್ಲು, ಉಗುರಿಗೆ ಸಿಕ್ಕುತ್ತಿದೆ. ಸಲಾಕೆ ಹಾಕಿದೆ, ಇನ್ನೊಂದು, ಪಕ್ಕದಲ್ಲೇ ಮತ್ತೆರಡು.

ಸುಂದರಮ್ಮನವರು, ವಾದಿರಾಜನ ತಾಯಿ, ಹಿತ್ತಲ ಬಾಗಿಲಿಗೆ ಬಂದರು, ಕೈಯಲ್ಲಿ ಸೀಗೆಪುಡಿ ಬಟ್ಟಲು. ಏನಪ್ಪಾ ಮನೋಹರಾ, ಉರೀತಿಲ್ವಾ, ಹಸಿ ಕಟ್ಟಿಗೆ ಕೊಟ್ಟುಹೋಗಿದಾನೆ ಡಿಪೋದವನು, ಹೋದ ವಾರ ಹಲಸಿಂದು ಎಷ್ಟು ಚೆನ್ನಾಗಿ ಉರೀತು ಅಂತೀಯ. ಹಲಸು ಎಲ್ಲಿಂದ ಬಂತು ಅತ್ತೆ? ವಾದೀನೇ ತಂದ, ಗೋಣಿಚೀಲದಲ್ಲಿ, ಸೀಳಿ ತುಂಡು ಮಾಡ್ಕೊಂಡೇ ತಂದಿದ್ದ, ಹುಳ ಹಿಡಿದಿದೆಯಮ್ಮ ಅಂದ. ಒಂದ್ ತುಂಡಲ್ಲಿ ಹಿತ್ತಾಳೆ ಹೂವು ನೋಡಿದೆ, ಇದು ಮಣೆ ಕಣೋ, ಉಂಡ ಮಣೆ ಸುಡಬಾರದು ಅಂದೆ, ಕೇಳಿದ್ನಾ. ಬಟ್ಟಲನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದರು, ಚಕ್ಕುಲಿ ತಿಂದೇ ಹೋಗ್ಬೇಕು ನೀನು.

ಹುಳ. ಆ ಮರ ಮುಟ್ಟಿದರೆ ಹುಳದ ಹಲ್ಲು ಉದುರುತ್ತಿತ್ತು. ಬೇಡ ಅನ್ನಬಹುದಿತ್ತು, ಮಾರಿಬಿಟ್ಟೆ ಅನ್ನಬಹುದಿತ್ತು, ಬಸ್ಸಲ್ಲಿ ಬಿಟ್ಟೆ ಅಂತ ಸುಳ್ಳಾದರೂ ಹೇಳಬಹುದಿತ್ತು, ನಂಬುತ್ತಿದ್ದೆ, ಮಾಯಣ್ಣನ ಕತೆಯನ್ನೇ ನಂಬಲಿಲ್ಲವೇ. ಕೊಡಲಿ ಎತ್ತುವಾಗ ಯಾವ ಕೈ ಮೇಲಿತ್ತು. ಹೋದ ತಿಂಗಳು ಕಾಲೇಜಿನ ಫೆಸ್ಟ್ ಮುಗಿದ ಮೇಲೆ ಟೀ ಅಂಗಡಿಯ ಮುಂದೆ ಎಂಟು ಹತ್ತು ಜನ, ಹುಡುಗಿಯರೂ ಇದ್ದರು, ಯಾರೋ ಕೇಳಿದರು, ಏನ್ ಮಚ್ಚಾ, ಮಕ್ಕಳ ಬೇಸಾ ಇದು? ನಾನು ನುಗ್ಗಿ ಹೇಳಿದೆ, ಇವನಿಗೆ ಬೆರಳಿಲ್ಲ ಅದಕ್ಕೇ ಗಿಡ್ಡ, ನಾನೇ ಮಾಡ್ಕೊಟ್ಟಿದ್ದು, ತೋರ್ಸೋ ವಾದೀ. ಎಲ್ಲರೂ ಅವನ ಕೈ ನೋಡಿದರು. ಅವನು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿದ. ನೋಡಿದೆ, ನೋಡಿಯೂ ಹದಿನೇಳು ಪಾಯಿಂಟ್ ಎಂಟರ ಲೆಕ್ಕ ಹೇಳುತ್ತಲೇ ಇದ್ದೆ, ಹತ್ತು ನಿಮಿಷ, ಆ ಹತ್ತು ನಿಮಿಷವೂ ಅವನ ಕೈ ಜೇಬಲ್ಲೇ ಇತ್ತು. ಸರಿ, ತಪ್ಪು ನನ್ನದೇ, ಇರಲಿ. ತಪ್ಪಿದ್ದರೆ ನನ್ನ ಕೆನ್ನೆಗೆ ಹೊಡೆಯಬೇಕಿತ್ತು. ನಮ್ಮಪ್ಪನ ಮಣೆ ಯಾಕೆ. ಸೀಳಿ, ಚೀಲಕ್ಕೆ ತುಂಬಿ, ಹೊತ್ತು ತಂದು, ಒಲೆಗೆ ಹಾಕಿ, ಹಂಡೆ ಕಾಯಿಸಿಕೊಂಡು ಮಿಂದು, ಮಾರನೇ ದಿನ ಸಂಪಿಗೆ ರಸ್ತೆಯಲ್ಲಿ ನನ್ನ ದುಡ್ಡಲ್ಲಿ ಮಸಾಲೆದೋಸೆ ತಿಂದ, ಆಗಲೂ ಕೇಳಿದೆ, ಮಾಯಣ್ಣ ಅಂದ, ಚಟ್ನಿ ಇನ್ನೊಂದ್ಸಲ ಹಾಕಿಸ್ಕೊಂಡ.

ಆಹಾ, ಈಗ ಬಂತು ನೋಡು ಬಿಸಿ, ಗೋಡೆಯಾಚೆಯಿಂದ ಕೂಗುತ್ತಾನೆ, ಅದೇನೋ ಕೊಂಬಿನ್ ಪಟ್ಟಿ ತಂದ್ಯಾ ಗುರೂ? ತಂದಿದೀನಿ. ಇಟ್ಕೊಂಡಿರು, ಮಾಯಣ್ಣ ಊರಿಗೆ ಹೋಗಿದಾನೆ, ಬಂದ್ ತಕ್ಷಣ ಇಸ್ಕೊಡ್ತೀನಿ. ಹೂಂ ಅಂದೆ. ನನ್ನ ಗಂಟಲು ಹೂಂ ಅಂದಿತು. ಕೈ ಬೂದಿಯಲ್ಲಿದೆ, ಒಗೆಯೋ ಕಲ್ಲಿನ ಮೇಲೆ ಒಂದೊಂದಾಗಿ ಸಾಲಿಗೆ ಇಡುತ್ತಿದ್ದೇನೆ, ಏಳು, ಎಂಟು, ದುಂಡು ಬೆನ್ನು ಮೇಲೆ, ಹಲ್ಲು ಕೆಳಗೆ, ಅವನು ನೀರು ಹುಯ್ದುಕೊಳ್ಳುತ್ತಿದ್ದಾನೆ, ಹದಿಮೂರು, ಬೂದಿ ನೀರು ಕಾಲಿನ ಕೆಳಗೆ ಹರಿಯುತ್ತಿದೆ, ಹದಿನೆಂಟು, ಬಾಗಿಲ ಚಿಲಕ ತೆಗೆದ ಸದ್ದು, ಟವೆಲು ಸುತ್ತಿಕೊಂಡ ವಾದಿರಾಜ, ಮೈಯಿಂದ ಹಬೆ, ಬಾರೋ, ನಿನ್ ಸರದಿ, ನೀರು ಸಖತ್ತಾಗಿ ಕಾದಿದೆ, ಎನ್ನುತ್ತಿದ್ದವನು ಕಲ್ಲಿನ ಮೇಲಿನ ಸಾಲನ್ನು ನೋಡಿದ, ಎಡಗೈಯನ್ನು ಟವೆಲಿನ ಒಳಗೆ ಸೇರಿಸಿದ. ನಾನು ಇನ್ನೊಂದನ್ನು ಸಾಲಿಗೆ ಇಟ್ಟೆ. ಕಪ್ಪಾದ ಚೂರು, ದುಂಡು ಬೆನ್ನು, ಹೊಟ್ಟೆಯಲ್ಲಿ ಹಲ್ಲು. ನಾನು ಹೊಡೆದ ಫ್ರೆಟ್ ಇಪ್ಪತ್ತು. ಸಿಕ್ಕಿದ್ದು ಹತ್ತೊಂಬತ್ತು.