ಬಾಲವಿಲ್ಲದ ಅಕ್ಷರ

ವೇಲ್ಸ್‌ನ ನಮ್ಮ ಟ್ರೆವಾರ್ವೆನ್ ಊರಿಗಿದ್ದ ಒಂದೇ ಹೆಮ್ಮೆ ಕೌಂಟಿಯ ನ್ಯಾಯಾಲಯ. ಹೆಂಡದಂಗಡಿಗಳು, ಕುದುರೆಲಾಯಗಳು, ರೊಟ್ಟಿ ಮೆರೆಡಿತ್‌ನ ಒಲೆ, ಎಲ್ಲ ನಡೆಯುತ್ತಿದ್ದುದು ಅದರಿಂದಲೇ. ಅದನ್ನು ರೈಲು ಬಂದಿರುವ ಪಕ್ಕದ ಊರಿಗೆ ಕಿತ್ತೊಯ್ಯಲು ಲಂಡನ್ನಿನವರು ಹೊರಟಾಗ ನಾವೇನೂ ಹೆದರಲಿಲ್ಲ. ನಮ್ಮ ಹತ್ತಿರ ಚರ್ಮದ ಹಾಳೆಯ ಸನ್ನದು ಇತ್ತು. 'ಈ ಊರಿಗೆ ಹ್ಲೀಸ್ ಎಂದೆಂದಿಗೂ ಸಲ್ಲತಕ್ಕದ್ದು' ಎಂದು ಅದರಲ್ಲಿ ಬರೆದಿತ್ತು.

ಹ್ಲೀಸ್ ಎಂದರೆ ನಮ್ಮಲ್ಲಿ ನ್ಯಾಯಾಲಯ. ಆಗಸ್ಟಿನಲ್ಲಿ ಗುಡ್ಡದ ಮೇಲೆ ಬಿಡುವ ಕಪ್ಪು ಹಣ್ಣೂ ಹ್ಲೀಸೇ. ಬಾಯಲ್ಲಿ ಎರಡೂ ಒಂದೇ. ಬರೆಯುವಾಗ ಮಾತ್ರ ನ್ಯಾಯಾಲಯದ ನಡುವಿನ ಅಕ್ಷರಕ್ಕೆ ಬಾಲವಿರುತ್ತದೆ, ಹಣ್ಣಿನದಕ್ಕೆ ಇರುವುದಿಲ್ಲ.

ಸನ್ನದನ್ನು ಕಾಯುತ್ತಿದ್ದವನು ನನ್ನ ಅಣ್ಣ ಇಡ್ವಲ್, ಪುರಸಭೆಯ ಗುಮಾಸ್ತ. ಅವನಿಗಿಂತ ಮೊದಲು ಅಪ್ಪ ಕಾಯುತ್ತಿದ್ದ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಅಪ್ಪ ನಮ್ಮಿಬ್ಬರ ಬೆರಳು ಹಿಡಿದು ಆ ಬಾಲದ ಮೇಲೆ ಎಳೆಸುತ್ತಿದ್ದ.

ಲಂಡನ್ನಿನ ಅಧಿಕಾರಿ ವಿಚಾರಣೆಗೆ ಬಂದ ದಿನ ಇಡೀ ಊರು ನೆರೆದಿತ್ತು. ಅಣ್ಣ ಎದ್ದು ಸನ್ನದು ಬಿಚ್ಚಿದ.

"ಸ್ವಾಮಿ, ನಮ್ಮಿಂದ ತಪ್ಪಾಗಿದೆ. ಇದು ಕೋರ್ಟಲ್ಲ, ಹಣ್ಣು. ಗುಡ್ಡದಲ್ಲಿ ಹಣ್ಣು ಕಿತ್ಕೊಳ್ಳೋ ಹಕ್ಕು, ಅಷ್ಟೇ."

"ಏನಯ್ಯಾ, ತಲೆ ನೆಟ್ಟಗಿದ್ಯಾ?" ಮೆರೆಡಿತ್ ಕೂಗಿದ. "ಮುನ್ನೂರು ವರ್ಷದಿಂದ ಜಡ್ಜ್‌ಗಳು ಇಲ್ಲಿಗೆ ಬಂದಿದ್ದು ಹಣ್ಣು ತಿನ್ನೋಕಾ?"

ಅಧಿಕಾರಿ ಕನ್ನಡಕ ಏರಿಸಿ ನೋಡಿದ. ಬಾಲವಿರಲಿಲ್ಲ. "ಇದನ್ನ ಓದೋಕೆ ಬರೋರು ಬೇರೆ ಯಾರಿದ್ದಾರೆ?"

"ಅವನ ತಂಗಿ ಟೆಗ್ವೆನ್!" ಎಲ್ಲರೂ ನನ್ನತ್ತ ತಿರುಗಿದರು.

ಹಾಳೆಯನ್ನು ಕಿಟಕಿಗೆ ಹಿಡಿದೆ. ಬಾಲವಿದ್ದ ಜಾಗ ತೆಳುವಾಗಿ, ಅಲ್ಲಿಂದ ಬೆಳಕು ತೂರಿ ಬಂತು. ಅಣ್ಣ ಚಾಕುವಿನಿಂದ ಕೆರೆದಿದ್ದ, ಪಾಪಿ! ಪಕ್ಕದ ಊರಿನ ಕಚೇರಿಯಲ್ಲಿ ಅವನಿಗೆ ದೊಡ್ಡ ಕುರ್ಚಿ ಕಾದಿದೆ ಎಂದು ಆಡಿಕೊಂಡವರ ಬಾಯನ್ನು ನಾನೇ ಜಗಳವಾಡಿ ಮುಚ್ಚಿಸಿದ್ದೆ. ಬಾಯಿ ಬಿಟ್ಟರೆ ಊರು ಉಳಿಯುತ್ತದೆ, ಅಣ್ಣ ಜೈಲಿಗೆ ಹೋಗುತ್ತಾನೆ. ಅವನು ನನ್ನ ಮುಖ ನೋಡಲಿಲ್ಲ. ಅಪ್ಪ ಬಿಟ್ಟುಹೋದ ಚಾಕು ಇಡುವ ಜೇಬಿನ ಮೇಲೆ ಅವನ ಕೈಯಿತ್ತು.

"ಏನಂತ ಇದೆಯಮ್ಮಾ?"

"ಹ್ಲೀಸ್" ಎಂದೆ.

ಊರವರು ಚಪ್ಪಾಳೆ ತಟ್ಟಿದರು. ವೆಲ್ಷ್ ಬಾರದ ಅಧಿಕಾರಿ ಅಣ್ಣನ ಕಡೆ ನೋಡಿದ. "ಹಣ್ಣು ಅಂತಿದ್ದಾಳೆ ಸ್ವಾಮಿ" ಎಂದ ಅಣ್ಣ. ಅಧಿಕಾರಿ ಬರೆದುಕೊಂಡ. ಚಪ್ಪಾಳೆ ನಿಂತು ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ತೆರೆಯಲಿಲ್ಲ.

ಹೊರಗೆ ಬಂದು ಅಣ್ಣ ನನ್ನ ತೋಳು ಹಿಡಿದ. "ನೀನು ಕೈಬಿಡಲ್ಲ ಅಂತ ಗೊತ್ತಿತ್ತು ಕಣೇ."

ಗೊತ್ತಿತ್ತಂತೆ. ಬಾಲ ಕೆರೆಯುವಾಗಲೇ ನನ್ನನ್ನೂ ನೆನೆದುಕೊಂಡು ಕೆರೆದಿದ್ದ. ತೋಳು ಕೊಡವಿಕೊಂಡು ಬಂದೆ. ಅವನು ಸಾಯುವವರೆಗೂ ನಾನು ಅವನೊಡನೆ ಮತ್ತೆ ಮಾತಾಡಲಿಲ್ಲ.

ನ್ಯಾಯಾಲಯ ಹೋಯಿತು, ಕುದುರೆಲಾಯಗಳು ಮುಚ್ಚಿದವು. ಮೆರೆಡಿತ್ ಈಗ ವಾರಕ್ಕೆ ಎರಡೇ ದಿನ ಒಲೆ ಹಚ್ಚುತ್ತಾನೆ. ಆಗಸ್ಟಿನಲ್ಲಿ ರೊಟ್ಟಿಗೆ ಹೋದರೆ ತಲೆ ಎತ್ತದೆ ಕೇಳುತ್ತಾನೆ:

"ಹ್ಲೀಸ್ ಬೇಕಿತ್ತಾ, ಟೆಗ್ವೆನ್ನಮ್ಮಾ?"

ಯಾವುದು ಎಂದು ಕೇಳಲು ನನಗೆ ಬಾಯಿಲ್ಲ.