ಹತ್ತು ನಿಮಿಷದ ಕೆಲಸ

ಹತ್ತಿಕುಣಿಗೆ ಹೊರಟಿದ್ದ ಜನರನ್ನು ಯಾದಗಿರಿ ಕೋರ್ಟಿನ ಎದುರು ತನ್ನ ಟಂಟಂ ಆಟೋದಲ್ಲೇ ಕೂರಿಸಿ, “ಹತ್ತು ನಿಮಿಷದಾಗ ಬರ್ತೀನಿ, ಇಳೀಬ್ಯಾಡ್ರಿ” ಎಂದು ಮರಿಲಿಂಗಪ್ಪ ಒಳಗೆ ನಡೆದ. ಕುಡಿದು ಗಾಡಿ ಓಡಿಸಿ ಹೋದ ವರ್ಷ ಶಹಾಪುರದಲ್ಲಿ ಸಿಕ್ಕಿಬಿದ್ದಾಗಲೂ ಅಷ್ಟೇ ಹೊತ್ತು ಹಿಡಿದಿತ್ತು. ಕೈಮುಗಿದ, ತಪ್ಪಾಯಿತು ಎಂದ, ದಂಡ ಕಟ್ಟಿದ, ಸಂಜೆಗೆ ಮತ್ತೆ ಕುಡಿದ.

“ಇದು ಎರಡನೇ ಸಲ. ಜೈಲೂ ಆಗಬಹುದು. ಒಪ್ಕೋಬ್ಯಾಡ, ಬ್ಯಾರೆ ತಾರೀಖ ತಗೊಳ್ಳೋಣ,” ಎಂದು ಅವನ ವಕೀಲೆ ಶಾಂಭವಿ ಬಾಗಿಲಲ್ಲೇ ತಡೆದಳು.

“ಶಹಾಪುರದ್ದು ಶಹಾಪುರಕ್ಕ ಮುಗೀತ್ರಿ ಮೇಡಂ. ಇಲ್ಲಿ ಯಾರಿಗಿ ಗೊತ್ತದ?”

ಹೆಸರು ಕೂಗಿದರು. ಮರಿಲಿಂಗಪ್ಪ ಕೈಮುಗಿದು, “ತಪ್ಪಾಗ್ಯದ್ರಿ” ಎಂದ. ನ್ಯಾಯಾಧೀಶರು ಬೈಯಲಿಲ್ಲ, ಬೈದಿದ್ದರೆ ಅವನಿಗೆ ಧೈರ್ಯವಾದರೂ ಬರುತ್ತಿತ್ತು. ಕಂಪ್ಯೂಟರ್ ನೋಡಿ, “ಶಹಾಪುರದಲ್ಲೂ ಹೀಗೇ ಒಪ್ಪಿಕೊಂಡಿದ್ದೀಯ,” ಎಂದವರು ಬರೆಯತೊಡಗಿದರು. ಬರೆಯುತ್ತಲೇ ಹೋದರು. ಶಾಂಭವಿ ತಲೆ ತಗ್ಗಿಸಿದಳು.

ಹೊರಗೆ ಯಾರೋ ಬೇಸತ್ತು ಟಂಟಂನ ಹಾರ್ನ್ ಒತ್ತುತ್ತಿದ್ದರು. ಪೊಲೀಸಪ್ಪನೊಬ್ಬ ಮೆಲ್ಲಗೆ ಬಂದು ಮರಿಲಿಂಗಪ್ಪನ ಮಗ್ಗುಲಿಗೆ ನಿಂತ.

“ಗಾಡಿ ಕೀಲಿ ಕೊಡು,” ಎಂದ. “ಮನಿಗಿ ಒಯ್ಯೋರು ಯಾರರ ಅದಾರೇನು?”