ಸಾಯುವವನ ಎಂಟು ಪುಟ

ಕರಡು ತಿದ್ದುವುದು ನಮ್ಮಿಬ್ಬರ ಕಸುಬು. ಯಜಮಾನರು ಮೂಲಪ್ರತಿಯನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದುತ್ತಿದ್ದರು. ನಾನು ಅಚ್ಚಿನ ಹಾಳೆಯ ಮೇಲೆ ಕಣ್ಣಿಟ್ಟು ತಪ್ಪು ಕಂಡಲ್ಲಿ ಗೀಟು ಹಾಕುತ್ತಿದ್ದೆ.

ನಮ್ಮಿಬ್ಬರಿಗೂ ಮೆಚ್ಚಿನ ಕಾದಂಬರಿಕಾರರ ಮೊದಲ ಪುಸ್ತಕ ಮರುಮುದ್ರಣಕ್ಕೆ ಬಂದಿತ್ತು. ಕೊನೆಯ ಅಧ್ಯಾಯವೊಂದೇ ಉಳಿದಿತ್ತು. ಮರುದಿನವೇ ನಮ್ಮ ಯಜಮಾನರ ಗಂಟಲಿನ ಆಪರೇಷನ್. ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಇವತ್ತು ಕೆಲಸ ಬೇಡವೆಂದರೆ ಈ ಮನುಷ್ಯ ಕೇಳಬೇಕಲ್ಲ!

"ಬಾಯಿ ಇರೋವರೆಗೂ ಓದ್ತೀನಿ, ಬಾರೇ."

ಆ ಪುಸ್ತಕದ ವಿಷಯಕ್ಕೆ ಮದುವೆಯಾದಾಗಿನಿಂದ ನಮ್ಮದು ಹಾವು ಮುಂಗುಸಿ ಜಗಳ. ಕಥೆಯ ಅಪ್ಪ ಮೆಟ್ಟಿಲ ಮೇಲೆ ಕೂತು ಮಗಳ ಕಿತ್ತುಹೋದ ಚಪ್ಪಲಿ ಹೊಲಿಯುವ ಪುಟಕ್ಕೆ ನಾನೂ ತಲೆಬಾಗುತ್ತೇನೆ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ಪ್ರೀತಿಯನ್ನು ಆ ಲೇಖಕರು ಮುಂದೆ ಎಂದೂ ಬರೆಯಲಿಲ್ಲ. ಆದರೆ ಅದರಲ್ಲಿನ ಹೆಂಗಸರೋ, ಅಳುವುದಕ್ಕೇ ಹುಟ್ಟಿದವರು. ಕೊನೆಗೆ ಅದೇ ಅಪ್ಪ ಸಾಯುತ್ತಾ ಸಾಯುತ್ತಾ ಎಂಟು ಪುಟ ಮಾತಾಡುತ್ತಾನೆ!

"ಉಸಿರು ನಿಲ್ಲೋ ಹೊತ್ತಲ್ಲಿ ಯಾರಾದ್ರೂ ಇಷ್ಟು ಹರಟ್ತಾರೇನ್ರೀ?" ಎಂದು ರೇಗಿಸುತ್ತಿದ್ದೆ.

"ಎಳೇ ವಯಸ್ಸಲ್ಲಿ ಬರೆದಿದ್ದು ಕಣೇ. ಸಾವು ಹತ್ತಿರದಿಂದ ಕಂಡಿರ್ಲಿಲ್ಲ, ಪಾಪ," ಎಂದು ಇವರು ಲೇಖಕರ ಪರ ವಹಿಸುತ್ತಿದ್ದರು.

ಅಂದು ಮಧ್ಯಾಹ್ನ ಆ ಎಂಟು ಪುಟ ಬಂದವು. ಇವರ ದನಿ ಆಗಲೇ ಒಡೆದ ಮಡಕೆಯಂತಾಗಿತ್ತು. ಎರಡು ಸಾಲಿಗೊಮ್ಮೆ ನೀರು ಗುಟುಕರಿಸುತ್ತಾ ಓದಿದರು. ಇನ್ನೂ ಎಂಟು ಪುಟ ಬರೆಯಬಾರದಿತ್ತೇ ಆ ಪುಣ್ಯಾತ್ಮರು ಎಂದು ನನಗನ್ನಿಸಿತು.

"ಒಂದ್ ಸಾಲು ತಪ್ಪಿಹೋಯ್ತು. ಮೊದಲಿಂದ ಓದಿ," ಎಂದೆ.

"ನಿನಗಾ? ತಪ್ಪಿದ್ದಾ?"

ಸುಳ್ಳೆಂದು ಗೊತ್ತಿದ್ದೂ ಮತ್ತೆ ಮೊದಲಿನಿಂದ ಓದಿದರು. ಮುಗಿದ ಮೇಲೆ ಇನ್ನೊಮ್ಮೆ ಎಂದೆ. ಅರ್ಧಕ್ಕೇ ಪುಸ್ತಕ ಮಡಿಸಿ, "ಸಾಕು ಕಣೇ, ನೋಯ್ತಿದೆ," ಎಂದರು.

ಹೊಸ ಮುದ್ರಣ ಮನೆಗೆ ಬಂದಾಗ ಇವರು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಪೆನ್ಸಿಲ್ ಹಿಡಿದು ನೇರವಾಗಿ ಕೊನೆಯ ಅಧ್ಯಾಯ ತೆರೆದರು. ಎಂಟೂ ಪುಟಗಳ ತುಂಬಾ ತಪ್ಪು. ಒಂದಕ್ಕೂ ನಾನು ಗೀಟು ಹಾಕಿರಲಿಲ್ಲ. ಅಂದು ನನ್ನ ಕಣ್ಣು ಹಾಳೆಯ ಮೇಲಿರಲೇ ಇಲ್ಲ, ಇವರ ಬಾಯಿಯ ಮೇಲಿತ್ತು.

ಒಂದು ಕಾಗುಣಿತ ತಪ್ಪಿದರೂ ಸೂರು ಹಾರಿಹೋಗುವಂತೆ ಬೈಯುತ್ತಿದ್ದ ಮನುಷ್ಯ. ಪೆನ್ಸಿಲ್ ಕೆಳಗಿಟ್ಟು ನನ್ನತ್ತ ನೋಡಿದರು. ಬಾಯಿ ತೆರೆಯಿತು, ತುಟಿ ಅಲುಗಿತು, ಮುಚ್ಚಿಕೊಂಡಿತು.

ನಾನು ಬೈಗುಳಕ್ಕೆ ಕಾಯುತ್ತಾ ಎದುರಿಗೆ ನಿಂತೇ ಇದ್ದೆ.